ಒಂದು ಅಂಕ ಸಾಕಿತ್ತು, ಅವರು ಎರಡಕ್ಕೆ ಕೈ ಹಾಕಿದರು: 2007ರ ಫಿಯೆಸ್ಟಾ ಬೌಲ್, ಒಂದು ಪ್ರಕರಣ ಅಧ್ಯಯನ

2007ರ ಜನವರಿ 1ರಂದು ಅಮೆರಿಕದ ಅರಿಜೋನಾ ರಾಜ್ಯದ ಗ್ಲೆಂಡೇಲ್‌ನಲ್ಲಿ ಎರಡು ವಿಶ್ವವಿದ್ಯಾಲಯಗಳ ತಂಡಗಳು ಫಿಯೆಸ್ಟಾ ಬೌಲ್ ಅನ್ನುವ ಅಮೆರಿಕನ್ ಫುಟ್‌ಬಾಲ್ ಪಂದ್ಯ ಆಡಿದವು. ಬಾಯ್ಸಿ ಸ್ಟೇಟ್ 43, ಓಕ್ಲಹೋಮಾ 42. ಕೊನೆಯಲ್ಲಿ ಬಂದ ಮೂರು ಕಣ್ಕಟ್ಟಿನ ಆಟಗಳಿಂದಾಗಿ ಜನ ಇದನ್ನು ಇವತ್ತಿಗೂ ಮಾತಾಡುತ್ತಾರೆ. ನನಗೆ ಈ ಪಂದ್ಯ ಮುಖ್ಯವಾಗಿರುವುದು ಬೇರೆ ಕಾರಣಕ್ಕೆ. ಬಲ ಕಡಿಮೆ ಇರುವ ತಂಡವೊಂದು ಪಂದ್ಯ ಎಲ್ಲಿ, ಯಾವಾಗ ಮುಗಿಯಬೇಕು ಅಂತ ತಾನೇ ತೀರ್ಮಾನ ಮಾಡಿತು. ಅಂಥ ತೀರ್ಮಾನ ಹೇಗೆ ಹುಟ್ಟುತ್ತದೆ ಅನ್ನೋದನ್ನು ಇಲ್ಲಿ ಹಂತ ಹಂತವಾಗಿ ನೋಡಬಹುದು.

ಆಟಗಾರರ ಮತ್ತು ಕೋಚ್‌ಗಳ ಹೆಸರನ್ನು ಬಿಟ್ಟಿದ್ದೇನೆ. ಆಡಿದವರು ಆಗ ಇಪ್ಪತ್ತರ ಆಸುಪಾಸಿನ ವಿದ್ಯಾರ್ಥಿಗಳು. ಅವರ ತಪ್ಪುಗಳ ಬಗ್ಗೆಯೂ ಮಾತಾಡಬೇಕಿದೆ. ಹಾಗಾಗಿ ಮೈದಾನದಲ್ಲಿ ಅವರು ಮಾಡುತ್ತಿದ್ದ ಕೆಲಸದಿಂದಲೇ ಅವರನ್ನು ಗುರುತಿಸುತ್ತೇನೆ. ತಂಡ, ಊರು, ಅಂಕ ಎಲ್ಲ ಇದ್ದದ್ದು ಇದ್ದ ಹಾಗೆ.

ಹಿನ್ನೆಲೆ

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡು ಕೈಯಲ್ಲಿದ್ದ ತಂಡಕ್ಕೆ 10 ಗಜ ಮುಂದೆ ಹೋಗಲು ನಾಲ್ಕು ಪ್ರಯತ್ನ ಸಿಗುತ್ತವೆ. ಪ್ರತಿ ಪ್ರಯತ್ನಕ್ಕೆ ಡೌನ್ ಅಂತಾರೆ. ನಾಲ್ಕರಲ್ಲಿ ಆಗದಿದ್ದರೆ ಚೆಂಡು ಎದುರಾಳಿಗೆ ಹೋಗುತ್ತದೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಅಂಕ. ಅದಾದ ಮೇಲೆ ಒಂದು ಆಯ್ಕೆ ಇರುತ್ತದೆ. ಚೆಂಡನ್ನು ಕಂಬಗಳ ನಡುವೆ ಒದ್ದು 1 ಅಂಕ ತಗೊಳ್ಳಬಹುದು. ಇಲ್ಲವೇ 3 ಗಜ ದೂರದಿಂದ ಒಂದೇ ಪ್ರಯತ್ನದಲ್ಲಿ ಮತ್ತೆ ಗೆರೆ ದಾಟಿ 2 ಅಂಕ ತಗೊಳ್ಳಬಹುದು. ಒದೆಯೋದು ತಪ್ಪುವುದೇ ಅಪರೂಪ. ಎರಡಕ್ಕೆ ಹೋದವರು ಅರ್ಧಕ್ಕಿಂತ ಹೆಚ್ಚು ಸಲ ಸೋಲುತ್ತಾರೆ. ಇಡೀ ಪ್ರಕರಣ ನಿಂತಿರೋದು ಈ ಆಯ್ಕೆಯ ಮೇಲೆ.

ಬೌಲ್ ಅಂದರೆ ಸೀಸನ್ ಮುಗಿದ ಮೇಲೆ, ಸಾಮಾನ್ಯವಾಗಿ ಯಾರ ತವರೂ ಅಲ್ಲದ ಊರಿನಲ್ಲಿ, ಎರಡು ತಂಡಗಳನ್ನು ಕರೆದು ಆಡಿಸುವ ಪಂದ್ಯ. 1902ರಲ್ಲಿ ಕ್ಯಾಲಿಫೋರ್ನಿಯಾದ ಪಸಡೀನಾದಲ್ಲಿ ಈ ಪದ್ಧತಿ ಶುರುವಾಯಿತು. ಫಿಯೆಸ್ಟಾ ಬೌಲ್ ಶುರುವಾಗಿದ್ದು 1971ರಲ್ಲಿ. ಅಮೆರಿಕಕ್ಕೆ ಓದಲು ಹೋದ ನಮ್ಮ ಹುಡುಗರು ಮೊದಲ ವರ್ಷ ಬೆರಗಾಗುವುದು ಇದರ ದೊಡ್ಡತನ ನೋಡಿಯೇ. ಕಾಲೇಜು ಹುಡುಗರ ಆಟಕ್ಕೆ ಎಪ್ಪತ್ತು ಸಾವಿರ ಜನ ಸೇರುತ್ತಾರೆ. ಇಡೀ ರಾಜ್ಯ ಟಿವಿ ಮುಂದೆ ಕೂತಿರುತ್ತದೆ.

ಎರಡು ತಂಡಗಳ ನಡುವಿನ ಅಂತರ ದೊಡ್ಡದು. ಓಕ್ಲಹೋಮಾ ಅಂದರೆ ಹಳೆಯ ಮನೆತನ. ಹಲವು ರಾಷ್ಟ್ರೀಯ ಪ್ರಶಸ್ತಿ ಗೆದ್ದ, ದೇಶದ ಒಳ್ಳೆಯ ಹುಡುಗರು ತಾವಾಗಿಯೇ ಹುಡುಕಿಕೊಂಡು ಬರುವ ತಂಡ. ಆ ವರ್ಷ ಬಿಗ್ 12 ಕಾನ್ಫರೆನ್ಸ್ (ತಮ್ಮೊಳಗೇ ಲೀಗ್ ಆಡುವ ಕಾಲೇಜುಗಳ ಗುಂಪು) ಗೆದ್ದು 11 ಗೆಲುವು, 2 ಸೋಲಿನೊಂದಿಗೆ ಬಂದಿತ್ತು. ಅವರ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು, ಅಕ್ಟೋಬರ್‌ನಲ್ಲಿ ಕೊರಳ ಮೂಳೆ ಮುರಿದುಕೊಂಡು ಹೊರಗಿದ್ದವನು, ಈ ಪಂದ್ಯಕ್ಕೆ ವಾಪಸ್ ಬಂದಿದ್ದ. ಕೆಲವೇ ತಿಂಗಳಲ್ಲಿ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಏಳನೆಯವನಾಗಿ ಹೋಗಲಿದ್ದ ಹುಡುಗ.

ಬಾಯ್ಸಿ ಸ್ಟೇಟ್ ಐಡಾಹೊ ರಾಜ್ಯದ್ದು. 1932ರಲ್ಲಿ ಎರಡು ವರ್ಷದ ಜೂನಿಯರ್ ಕಾಲೇಜಾಗಿ ಹುಟ್ಟಿದ ಸಂಸ್ಥೆ. ಫುಟ್‌ಬಾಲ್‌ನ ಮೇಲಿನ ದರ್ಜೆಗೆ ಬಂದದ್ದು 1996ರಲ್ಲಿ. 1986ರಲ್ಲಿ ಹಾಸಿದ ನೀಲಿ ಬಣ್ಣದ ಮೈದಾನದಿಂದಲೇ ಹೊರಗಿನವರಿಗೆ ಅದರ ಪರಿಚಯ. ಆ ವರ್ಷ ಆಡಿದ 12 ಪಂದ್ಯಗಳನ್ನೂ ಗೆದ್ದಿತ್ತು. ಆದರೆ ಅದರ ಕಾನ್ಫರೆನ್ಸ್ ಚಿಕ್ಕದು. ಯಾರನ್ನು ಸೋಲಿಸಿದಿರಿ ಹೇಳಿ ಅನ್ನೋದೇ ಎಲ್ಲರ ಪ್ರಶ್ನೆ.

ಇಲ್ಲಿ ಒಂದು ನಿಯಮದ ಪಾತ್ರ ಇದೆ. ಆಗ ದೊಡ್ಡ ಬೌಲ್‌ಗಳನ್ನು ಬಿಸಿಎಸ್ ಅನ್ನುವ ವ್ಯವಸ್ಥೆ ನಡೆಸುತ್ತಿತ್ತು. ಆರು ದೊಡ್ಡ ಕಾನ್ಫರೆನ್ಸ್‌ಗಳ ಚಾಂಪಿಯನ್ನರಿಗೆ ಜಾಗ ಖಾಯಂ. ಹೊರಗಿನ ಚಾಂಪಿಯನ್ ಮೊದಲ ಆರು ರ‍್ಯಾಂಕ್‌ನೊಳಗೆ ಬಂದರೆ ಮಾತ್ರ ಅವರಿಗೆ ಹಕ್ಕಿನ ಜಾಗ. 2006ರ ಸೀಸನ್‌ಗೆ ಒಂದು ಬೌಲ್ ಜಾಸ್ತಿ ಮಾಡಿ, ಆ ಮಿತಿಯನ್ನು ಮೊದಲ ಹನ್ನೆರಡಕ್ಕೆ ಸಡಿಲಿಸಿದರು. ಬಾಯ್ಸಿ ಸ್ಟೇಟ್ ಇದ್ದದ್ದು ಎಂಟನೇ ಸ್ಥಾನದಲ್ಲಿ. ಹಳೆಯ ನಿಯಮವೇ ಇದ್ದಿದ್ದರೆ ಅವರಿಗೆ ಈ ಬಾಗಿಲು ತಾನಾಗಿ ತೆರೆಯುತ್ತಿರಲಿಲ್ಲ. ಅವಕಾಶ ಸಿಗದೇ ಹೋದ ಎಷ್ಟು ತಂಡಗಳು ಹಿಂದೆ ಹೀಗೇ ಮರೆತುಹೋದವೋ, ನೆನೆದರೆ ಸಂಕಟವಾಗುತ್ತದೆ.

ಸಮಸ್ಯೆ

ಬಾಯ್ಸಿ ಸ್ಟೇಟ್ ಮುಂದಿದ್ದ ಸಮಸ್ಯೆ ಸರಳ. ಎದುರಾಳಿಯ ಹುಡುಗರು ಹೆಚ್ಚು ದಪ್ಪ, ಹೆಚ್ಚು ವೇಗ. ಬೆಂಚ್‌ನಲ್ಲಿ ಕೂತವರೂ ಗಟ್ಟಿಗರು. ಇಂಥ ತಂಡದ ಎದುರು ಆಟ ಉದ್ದವಾದಷ್ಟೂ ಚಿಕ್ಕ ತಂಡಕ್ಕೆ ಕಷ್ಟ. ಕಡಿಮೆ ಹೊತ್ತಿನಲ್ಲಿ ಯಾರು ಬೇಕಾದರೂ ಮುಂದೆ ಬರಬಹುದು. ಹೊತ್ತು ಹೋದ ಹಾಗೆ ಬಲ ತನ್ನ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತದೆ.

ಅವರ ಕೈಯಲ್ಲಿದ್ದದ್ದು ಎರಡು. ಒಂದು, ಸಮಯ. ಅವರ ಕೊನೆಯ ಲೀಗ್ ಪಂದ್ಯ ಮುಗಿದದ್ದು ನವೆಂಬರ್ 25ಕ್ಕೆ. ಆಮೇಲೆ ಒಂದು ತಿಂಗಳಿಗೂ ಹೆಚ್ಚು ಬಿಡುವು. ಎದುರಾಳಿಯ ವಿಡಿಯೊಗಳನ್ನು ನೋಡಿ ಅವರಿಗೆ ತಕ್ಕ ಆಟ ಕಟ್ಟಲು ಇಷ್ಟು ದಿನ ಸೀಸನ್ ನಡುವೆ ಎಂದೂ ಸಿಗಲ್ಲ. ಎರಡು, ಮುಂದುವರಿದ ಪಾಠ. ಮುಖ್ಯ ಕೋಚ್ ಆ ಹುದ್ದೆಗೆ ಬಂದು ಅದು ಮೊದಲನೇ ವರ್ಷ. ಆದರೆ ಅದಕ್ಕೂ ಹಿಂದೆ ಐದು ಸೀಸನ್ ಅದೇ ತಂಡದ ದಾಳಿಯ ಹೊಣೆ ಹೊತ್ತಿದ್ದವರು ಅವರೇ. ಹಿರಿಯ ಹುಡುಗರು ಸೇರಿದ ದಿನದಿಂದ ಅವರದೇ ಭಾಷೆ ಕೇಳಿಕೊಂಡು ಬೆಳೆದಿದ್ದರು.

ಕ್ವಾರ್ಟರ್‌ಬ್ಯಾಕ್ ಬಗ್ಗೆ ಒಂದು ಮಾತು. ಚೆಂಡು ಎಸೆಯುವವನು, ದಾಳಿ ನಡೆಸುವವನು ಅವನೇ. ಇದು ಅವನ ಕೊನೆಯ ಕಾಲೇಜು ಪಂದ್ಯ. 2005ರ ಸೀಸನ್ನಿನ ಮೊದಲ ಪಂದ್ಯದಲ್ಲಿ ಜಾರ್ಜಿಯಾ ಎದುರು ಮೊದಲ ಅರ್ಧದಲ್ಲೇ ಮತ್ತೆ ಮತ್ತೆ ಚೆಂಡು ಕಳೆದುಕೊಂಡಿದ್ದ. ತಂಡ 48–13ರಲ್ಲಿ ಸೋತಿತ್ತು. ದೊಡ್ಡ ವೇದಿಕೆಯಲ್ಲಿ ಇವನು ಕೈಕೊಡುತ್ತಾನೆ ಅನ್ನುವ ಮಾತು ಅವನ ಬೆನ್ನು ಬಿಟ್ಟಿರಲಿಲ್ಲ. ಆದರೂ ತಂಡ ಅವನನ್ನು ಬಿಟ್ಟುಕೊಡಲಿಲ್ಲ.

ಏನು ಮಾಡಿದರು, ಏನಾಯಿತು

ಶುರುವಿನಲ್ಲಿ ಎಲ್ಲ ಅಂದುಕೊಂಡಂತೆ ನಡೆಯಿತು. ಆಟದ ನಾಲ್ಕು ಭಾಗಗಳಲ್ಲಿ ಮೊದಲನೆಯದರಲ್ಲೇ, ಅಂದರೆ ಮೊದಲ ಕ್ವಾರ್ಟರ್‌ನಲ್ಲೇ, ಬಾಯ್ಸಿ 14–0 ಮುಂದೆ. ಅರ್ಧ ಆಟ ಮುಗಿದಾಗ 21–10. ಮೂರನೇ ಕ್ವಾರ್ಟರ್‌ನಲ್ಲಿ ಎದುರಾಳಿಯ ಎಸೆತವನ್ನು ಬಾಯ್ಸಿಯ ಹುಡುಗನೊಬ್ಬ ನಡುವೆಯೇ ಹಿಡಿದು 27 ಗಜ ಓಡಿ ಗೆರೆ ದಾಟಿದ. 28–10. ಅಲ್ಲಿಯವರೆಗೆ ಕಣ್ಕಟ್ಟು ಏನೂ ಇಲ್ಲ. ಚೆನ್ನಾಗಿ ಕಟ್ಟಿದ, ಶುದ್ಧವಾದ ಆಟ. ಈ ಭಾಗವನ್ನು ಜನ ಮರೆತುಬಿಡುತ್ತಾರೆ.

ಆಮೇಲೆ ಒಂದು ಆಕಸ್ಮಿಕ. ಓಕ್ಲಹೋಮಾ ದೂರಕ್ಕೆ ಒದ್ದ ಚೆಂಡು ಬಾಯ್ಸಿಯ ಆಟಗಾರನೊಬ್ಬನ ಮೈಗೆ ತಾಗಿತು. ತಾಗಿದ ಮೇಲೆ ಅದು ಯಾರು ಹಿಡಿದರೆ ಅವರದು. ಓಕ್ಲಹೋಮಾ ಹಿಡಿಯಿತು. ಮುಂದೆ ರನ್ನಿಂಗ್ ಬ್ಯಾಕ್ 8 ಗಜ ಓಡಿ ಟಚ್‌ಡೌನ್ ಮಾಡಿದ. 28–17. ನಾಲ್ಕನೇ ಕ್ವಾರ್ಟರ್‌ನಲ್ಲಿ ಒಂದು ಫೀಲ್ಡ್ ಗೋಲ್ (ಚೆಂಡನ್ನು ಕಂಬಗಳ ನಡುವೆ ಒದ್ದು ಪಡೆಯುವ 3 ಅಂಕ), 28–20. ಬಲ ತನ್ನ ಲೆಕ್ಕ ಶುರುಮಾಡಿತ್ತು.

1 ನಿಮಿಷ 26 ಸೆಕೆಂಡು ಉಳಿದಿದ್ದಾಗ ಓಕ್ಲಹೋಮಾ ಇನ್ನೊಂದು ಟಚ್‌ಡೌನ್ ಮಾಡಿತು. ಸಮ ಮಾಡಲು ಎರಡು ಅಂಕ ಬೇಕು. ದಂಡಗಳ ಕಾರಣಕ್ಕೆ ಆ ಪ್ರಯತ್ನವನ್ನು ಮೂರು ಸಲ ಆಡಬೇಕಾಯಿತು. ಮೂರನೆಯದು ಕೈಗೂಡಿತು. 28–28.

ಈಗ ಮೊದಲ ತಿರುವು. ಚೆಂಡು ಬಾಯ್ಸಿ ಕೈಗೆ ಬಂತು. ಸುಮ್ನೆ ಸಮಯ ಕಳೆದು ಹೆಚ್ಚುವರಿ ಆಟಕ್ಕೆ ಹೋಗಬಹುದಿತ್ತು. ಅವರು ಹಾಗೆ ಮಾಡದೆ ಮೊದಲ ಆಟದಲ್ಲೇ ಎಸೆದರು. ಓಕ್ಲಹೋಮಾದ ಕಾರ್ನರ್‌ಬ್ಯಾಕ್ (ಅಂಚಿನ ರಕ್ಷಕ) ಮುನ್ನುಗ್ಗಿ ಹಿಡಿದು ನೇರ ಗೆರೆಯವರೆಗೆ ಓಡಿದ. 35–28, ಉಳಿದದ್ದು 1 ನಿಮಿಷ 2 ಸೆಕೆಂಡು. ಇಡೀ ಪಂದ್ಯದಲ್ಲಿ ಓಕ್ಲಹೋಮಾ ಮುಂದೆ ಬಂದದ್ದು ಅದೇ ಮೊದಲು.

ಆ ಎಸೆತ ತಪ್ಪು ಅಂತ ಹೇಳುವವರು ಬಹಳ ಜನ. ನನ್ನ ಅಭಿಪ್ರಾಯ ಬೇರೆ. ಗೆಲ್ಲಲು ಹೋಗಬೇಕು ಅನ್ನುವ ನಿರ್ಧಾರ ಸರಿಯಾಗಿತ್ತು. ಅದನ್ನು ಜಾರಿಗೆ ತಂದ ಎಸೆತ ಕೆಟ್ಟಿತು. ಇವೆರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಕೋಚ್ ಹಾಗೆ ನೋಡಿದ್ದರಿಂದಲೇ ಅದೇ ಹುಡುಗನ ಕೈಗೆ ಮತ್ತೆ ಚೆಂಡು ಕೊಟ್ಟು, ಮತ್ತೆ ಎಸೆಯಲು ಹೇಳಿದರು. ಹೆದರಿ ಮುದುಡಿಕೊಂಡಿದ್ದರೆ ಪಂದ್ಯ ಅಲ್ಲೇ ಮುಗಿಯುತ್ತಿತ್ತು.

ಆ ದಾಳಿ ಎದುರಾಳಿಯ ಅರ್ಧ ಮೈದಾನದವರೆಗೂ ಹೋಯಿತು. ಅಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆಯುವ ಮೊದಲೇ ಸಿಕ್ಕಿಬಿದ್ದು ಚೆಂಡು ಹಿಂದೆ ಸರಿಯಿತು. ಕೊನೆಗೆ ನಾಲ್ಕನೇ ಡೌನ್, 18 ಗಜ ಬೇಕು. ಚೆಂಡು ಮೈದಾನದ ನಟ್ಟನಡುವೆ. ಗಡಿಯಾರದಲ್ಲಿ 18 ಸೆಕೆಂಡು.

ಇಂಥ ಹೊತ್ತಿನಲ್ಲಿ ರಕ್ಷಣೆಯವರು ಏನು ಮಾಡುತ್ತಾರೆ? ಹಿಂದೆ ಸರಿದು ನಿಲ್ಲುತ್ತಾರೆ. ಮುಂದೆ 15 ಗಜ ಬಿಟ್ಟುಕೊಟ್ಟರೂ ಪರವಾಗಿಲ್ಲ, ಹಿಡಿದವನನ್ನು ಅಲ್ಲೇ ಕೆಡವಿದರೆ ಸಾಕು ಅನ್ನೋದು ಲೆಕ್ಕ. ಬಾಯ್ಸಿ ಆ ಲೆಕ್ಕವನ್ನೇ ಬಳಸಿಕೊಂಡಿತು. ಆ ಆಟಕ್ಕೆ ಅವರು ಇಟ್ಟಿದ್ದ ಹೆಸರು ಸರ್ಕಸ್. ಒಬ್ಬ ರಿಸೀವರ್ ನಡುಭಾಗಕ್ಕೆ ಓಡಿ 15 ಗಜದ ಎಸೆತ ಹಿಡಿದ. 18 ಗಜಕ್ಕೆ ಇನ್ನೂ ಮೂರು ಕಡಿಮೆ. ಎದುರಾಳಿಗಳೆಲ್ಲ ಅವನ ಕಡೆ ನುಗ್ಗಿದರು. ಅಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಬ್ಬ ರಿಸೀವರ್ ಅವನ ಪಕ್ಕದಲ್ಲೇ ಹಾದುಹೋಗುತ್ತಿದ್ದ. ಹಿಡಿದವನು ಚೆಂಡನ್ನು ಮೆಲ್ಲಗೆ ಅವನ ಕೈಗೆ ಹಾಕಿದ. ನುಗ್ಗಿ ಬಂದವರು ಒಂದು ದಿಕ್ಕಿಗೆ, ಚೆಂಡು ಇನ್ನೊಂದು ದಿಕ್ಕಿಗೆ. ಅವನು 35 ಗಜ ಓಡಿ ಗೆರೆ ದಾಟಿದ. ಉಳಿದದ್ದು 7 ಸೆಕೆಂಡು. ಒದ್ದು ಒಂದು ಅಂಕ ಸೇರಿಸಿದರು. 35–35.

ಇಲ್ಲಿ ಅವರು ಎರಡಕ್ಕೆ ಹೋಗಲಿಲ್ಲ ಅನ್ನೋದನ್ನು ಗಮನಿಸಿ. ಮುಂದಿನ ತೀರ್ಮಾನ ಆವೇಶದಲ್ಲಿ ಹುಟ್ಟಿದ್ದಲ್ಲ ಅಂತ ನಾನು ನಂಬುವುದಕ್ಕೆ ಇದೂ ಒಂದು ಕಾರಣ. ಕೊನೆಯ 86 ಸೆಕೆಂಡುಗಳಲ್ಲಿ ಎರಡೂ ತಂಡ ಸೇರಿ 22 ಅಂಕ ಮಾಡಿದ್ದವು. ಆವೇಶಕ್ಕೆ ಜಾಗ ಬೇಕಾದಷ್ಟಿತ್ತು.

ಕಾಲೇಜು ಫುಟ್‌ಬಾಲ್‌ನ ಹೆಚ್ಚುವರಿ ಆಟ ಕ್ರಿಕೆಟ್‌ನ ಸೂಪರ್ ಓವರ್ ತರಹ. ಎರಡೂ ತಂಡಕ್ಕೆ ಒಂದೊಂದು ಸರದಿ, ಎದುರಾಳಿಯ ಗೆರೆಯಿಂದ 25 ಗಜದಲ್ಲಿ ಶುರು. ಓಕ್ಲಹೋಮಾ ಮೊದಲು ಆಡಿತು. ಮೊದಲ ಆಟದಲ್ಲೇ ಆ ರನ್ನಿಂಗ್ ಬ್ಯಾಕ್ ಇಡೀ 25 ಗಜ ಓಡಿಬಿಟ್ಟ. 42–35. ಒಂದೇ ಓಟ, ಅಷ್ಟೇ. ಬಲದ ಅಂತರ ಎಷ್ಟು ಅಂತ ಬಾಯ್ಸಿಯ ಕೋಚ್‌ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲು ಸಾಧ್ಯವಿರಲಿಲ್ಲ.

ಬಾಯ್ಸಿಯ ಸರದಿ ಕಷ್ಟಪಟ್ಟು ಸಾಗಿತು. ಮತ್ತೆ ನಾಲ್ಕನೇ ಡೌನ್. ಗೆರೆಗೆ 5 ಗಜ, ಬೇಕಾದದ್ದು 2 ಗಜ. ಈ ಸಲ ಕ್ವಾರ್ಟರ್‌ಬ್ಯಾಕ್ ತನ್ನ ಜಾಗ ಬಿಟ್ಟು ಬದಿಗೆ ನಡೆದ. ಚೆಂಡು ನೇರವಾಗಿ ಇನ್ನೊಬ್ಬ ಆಟಗಾರನಿಗೆ ಬಂತು. ಅವನು ಓಡುತ್ತಾನೆ ಅಂತ ಎಲ್ಲರೂ ನುಗ್ಗಿದರು. ಅವನು ಓಡುತ್ತಲೇ ಎಸೆದ. ಟೈಟ್ ಎಂಡ್ ಅನ್ನುವ ಜಾಗದ ಆಟಗಾರ ಹಿಡಿದ, ಟಚ್‌ಡೌನ್. 42–41.

ಆ ತೀರ್ಮಾನ

ಒದ್ದರೆ 42–42, ಇನ್ನೊಂದು ಸುತ್ತು. ಕೋಚ್ ಎರಡಕ್ಕೆ ಹೋಗಿ ಅಂದರು.

ಲೆಕ್ಕ ಹಾಕಿ ನೋಡೋಣ. ಎರಡಕ್ಕೆ ಹೋದರೆ ಗೆಲ್ಲುವ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ನಲವತ್ತರ ಆಸುಪಾಸು. ಒದ್ದು ಮುಂದಿನ ಸುತ್ತಿಗೆ ಹೋದರೆ? ಸಮಬಲದ ತಂಡಗಳಾದರೆ ಅರ್ಧ ಅರ್ಧ. ಆದರೆ ಇಲ್ಲಿ ಸಮಬಲ ಇರಲಿಲ್ಲ. ಮುಂದಿನ ಸುತ್ತಿನಲ್ಲಿ ಸರದಿ ತಿರುಗಿ ಮಾಮೂಲಾಗಿ ಬಾಯ್ಸಿಯೇ ಮೊದಲು ಆಡಬೇಕಾಗುತ್ತಿತ್ತು. ಎಷ್ಟು ಅಂಕ ಬೇಕು ಅಂತ ಗೊತ್ತಿದ್ದು ಆಡುವ ಅನುಕೂಲ ಎದುರಾಳಿಗೆ ಹೋಗುತ್ತಿತ್ತು. ಒಂದೇ ಓಟದಲ್ಲಿ 25 ಗಜ ಹೋಗುವ ಹುಡುಗ ಅವರ ಬಳಿ ಇದ್ದ. ತಾವು ಅಷ್ಟು ದೂರ ಬರಲು ನಾಲ್ಕನೇ ಡೌನ್‌ವರೆಗೆ ಒದ್ದಾಡಿದ್ದರು. ಇನ್ನೊಂದು ಸುತ್ತು ಅಂದರೆ ಅದೇ ಒದ್ದಾಟ, ಇನ್ನಷ್ಟು ದಣಿದ ಕಾಲುಗಳಲ್ಲಿ.

ಜೊತೆಗೆ ಸರಾಸರಿಯ ಲೆಕ್ಕದಲ್ಲಿ ಕಾಣದ ಒಂದು ಸಂಗತಿ. ಇನ್ನೂ ಆ ರಾತ್ರಿ ತೋರಿಸದ ಒಂದು ಆಟ ಅವರ ಕೈಯಲ್ಲಿತ್ತು. ಅದಕ್ಕೆ ಸ್ಟ್ಯಾಚ್ಯೂ ಆಫ್ ಲಿಬರ್ಟಿ ಅಂತ ಹೆಸರು. ಬಹಳ ಹಳೆಯ ತಂತ್ರ. ಮೂವರು ರಿಸೀವರ್‌ಗಳು ಬಲಕ್ಕೆ ನಿಂತರು. ಕ್ವಾರ್ಟರ್‌ಬ್ಯಾಕ್ ಚೆಂಡು ತಗೊಂಡು ಬಲಕ್ಕೆ ನೋಡಿದ, ಬಲಗೈ ಎತ್ತಿ ಎಸೆದ. ಆ ಕೈಯಲ್ಲಿ ಚೆಂಡೇ ಇರಲಿಲ್ಲ. ಚೆಂಡು ಎಡಗೈಯಲ್ಲಿ, ಬೆನ್ನ ಹಿಂದೆ. ರನ್ನಿಂಗ್ ಬ್ಯಾಕ್ ಒಂದು ಕ್ಷಣ ತಡೆದು ನಿಂತು, ಹಿಂದಿನಿಂದ ಬಂದು ಅದನ್ನು ತಗೊಂಡು ಎಡಕ್ಕೆ ಓಡಿದ. ರಕ್ಷಣೆಯವರ ಭಾರವೆಲ್ಲ ಬಲಕ್ಕೆ ಸರಿದಿತ್ತು. ಒಬ್ಬರೂ ಅವನನ್ನು ಮುಟ್ಟಲಿಲ್ಲ. 43–42.

ಮೂರು ಕಣ್ಕಟ್ಟುಗಳ ಕ್ರಮ ನೋಡಿ. ಮೊದಲನೆಯದರಲ್ಲಿ ಹಿಡಿದವನು ಚೆಂಡು ಬಿಟ್ಟುಕೊಟ್ಟ. ಎರಡನೆಯದರಲ್ಲಿ ಕ್ವಾರ್ಟರ್‌ಬ್ಯಾಕ್ ಅಲ್ಲದವನು ಎಸೆದ. ಮೂರನೆಯದರಲ್ಲಿ ಕ್ವಾರ್ಟರ್‌ಬ್ಯಾಕ್ ಎಸೆದಂತೆ ಮಾಡಿ ಎಸೆಯಲಿಲ್ಲ. ಪ್ರತಿಯೊಂದೂ ಎದುರಾಳಿಯ ಕಣ್ಣು ಆ ಹೊತ್ತಿಗೆ ಎಲ್ಲಿದೆ ಅನ್ನೋದರ ಮೇಲೆ ಕಟ್ಟಿದ್ದು. ಸುಲಭ ಕಾಲದಲ್ಲಿ, 28–10 ಮುಂದಿದ್ದಾಗ, ಇವುಗಳಲ್ಲಿ ಒಂದನ್ನೂ ಖರ್ಚು ಮಾಡಿರಲಿಲ್ಲ. ಈ ತಾಳ್ಮೆ ನನಗೆ ಆಟಗಳಿಗಿಂತ ಜಾಸ್ತಿ ಇಷ್ಟವಾಗುತ್ತದೆ.

ಇದರಿಂದ ಏನು ಕಲಿಯಬಹುದು

ಈ ಪ್ರಕರಣವನ್ನು ಧೈರ್ಯ ಮಾಡಿದವರಿಗೆ ಜಯ ಅಂತ ಓದುವುದು ಸುಲಭ. ಆ ಓದು ಅಪಾಯ ಅಂತಲೇ ನನಗೆ ಅನಿಸುತ್ತದೆ. ಆ ಓಟದಲ್ಲಿ ಒಬ್ಬ ಎದುರಾಳಿ ಎಡಕ್ಕೆ ಉಳಿದಿದ್ದರೆ ಬಾಯ್ಸಿ ಒಂದು ಅಂಕದಿಂದ ಸೋಲುತ್ತಿತ್ತು. ಆಗಲೂ ತೀರ್ಮಾನ ಇಷ್ಟೇ ಸರಿಯಾಗಿರುತ್ತಿತ್ತು. ತೀರ್ಮಾನ ಮಾಡುವಾಗ ಗೊತ್ತಿದ್ದ ವಿಷಯಗಳ ಮೇಲೆ ಅದನ್ನು ಅಳೆಯಬೇಕು. ತಮ್ಮ ಬಲ ಎಷ್ಟು, ಎದುರಾಳಿಯದು ಎಷ್ಟು, ಮುಂದಿನ ಸರದಿ ಯಾರದು, ಕೈಯಲ್ಲಿ ಉಳಿದದ್ದು ಏನು. ಗೆದ್ದ ಮೇಲೆ ಹೊಗಳುವುದು, ಸೋತ ಮೇಲೆ ಬೈಯುವುದು, ಇದರಿಂದ ಮುಂದಿನ ಕೋಚ್ ಏನೂ ಕಲಿಯಲ್ಲ.

ಇದೇ ಅಳತೆಗೋಲು ಓಕ್ಲಹೋಮಾಕ್ಕೂ ಅನ್ವಯಿಸಬೇಕು, ಅಲ್ವಾ? 18 ಗಜ ಬೇಕಾದಾಗ ಹಿಂದೆ ಸರಿದು ನಿಂತದ್ದು ತಪ್ಪಲ್ಲ. ನೂರು ಸಲದಲ್ಲಿ ತೊಂಬತ್ತಕ್ಕೂ ಹೆಚ್ಚು ಸಲ ಅದೇ ಸರಿ. ಅವರು 18 ಅಂಕ ಹಿಂದೆ ಬಿದ್ದಲ್ಲಿಂದ ಎದ್ದು ಬಂದ ರೀತಿಗೆ ಸಿಗಬೇಕಾದ ಗೌರವ ಸಿಕ್ಕಿಲ್ಲ. ಆ ಕಾರ್ನರ್‌ಬ್ಯಾಕ್ ಹುಡುಗ ಪಂದ್ಯ ಗೆಲ್ಲಿಸುವ ಕೆಲಸ ಮಾಡಿದ್ದ. ಒಂದು ನಿಮಿಷದಲ್ಲಿ ಅದು ಮರೆತುಹೋಯಿತು.

ನಾನು ತರಬೇತಿ ಕೊಡುವವರಿಗೆ ಹೇಳಬೇಕೆನ್ನುವುದು ಕ್ವಾರ್ಟರ್‌ಬ್ಯಾಕ್‌ನ ಪ್ರಸಂಗ. ತಪ್ಪು ಮಾಡಿ ಒಂದು ನಿಮಿಷ ಕಳೆಯುವ ಮೊದಲು ಅವನು ಮತ್ತೆ ಎಸೆದ. ಆ ರಾತ್ರಿ ದಾಳಿಯ ಅತ್ಯುತ್ತಮ ಆಟಗಾರ ಅಂತ ಗೌರವ ಸಿಕ್ಕಿದ್ದು ಅವನಿಗೇ. ಆ ನಂಬಿಕೆ ಆ ನಿಮಿಷದಲ್ಲಿ ಹುಟ್ಟಿದ್ದಲ್ಲ. ಜಾರ್ಜಿಯಾ ಎದುರಿನ ಸೋಲಿನ ನಂತರ ಒಂದು ವರ್ಷಕ್ಕೂ ಹೆಚ್ಚು ಕಾಲ ಕಟ್ಟಿಕೊಂಡು ಬಂದದ್ದು.

ಆಮೇಲೆ

ಗೆಲುವಿನ ಓಟ ಓಡಿದ ರನ್ನಿಂಗ್ ಬ್ಯಾಕ್ ಮೈದಾನದಲ್ಲೇ, ಟಿವಿ ಕ್ಯಾಮೆರಾ ಮುಂದೆ, ತಂಡದ ಚಿಯರ್‌ಲೀಡರ್ ಆಗಿದ್ದ ತನ್ನ ಗೆಳತಿಯ ಮುಂದೆ ಮೊಣಕಾಲೂರಿ ಮದುವೆ ಆಗ್ತೀಯಾ ಅಂತ ಕೇಳಿದ. ಅವಳು ಒಪ್ಪಿದಳು.

ಬಾಯ್ಸಿ ಸ್ಟೇಟ್ ಸೀಸನ್ ಮುಗಿಸಿದ್ದು 13 ಗೆಲುವು, ಸೊನ್ನೆ ಸೋಲಿನಿಂದ. ಒಂದು ವಾರದ ನಂತರ ಜನವರಿ 8ರಂದು ಫ್ಲೋರಿಡಾ ತಂಡ ಓಹಾಯೊ ಸ್ಟೇಟ್ ತಂಡವನ್ನು 41–14ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ಫ್ಲೋರಿಡಾ ಒಂದು ಪಂದ್ಯ ಸೋತಿತ್ತು. ಒಂದೂ ಸೋಲದ ಬಾಯ್ಸಿಗೆ ಎಪಿ ಸುದ್ದಿಸಂಸ್ಥೆ ಪ್ರಕಟಿಸುವ ತಂಡಗಳ ಶ್ರೇಯಾಂಕ ಪಟ್ಟಿಯಲ್ಲಿ ಸಿಕ್ಕಿದ್ದು ಐದನೇ ಸ್ಥಾನ. ಇನ್ನೇನು ಮಾಡಬೇಕಿತ್ತು ಆ ಹುಡುಗರು ಅನ್ನುವ ಪ್ರಶ್ನೆಗೆ ಬಿಸಿಎಸ್ ಬಳಿ ಒಳ್ಳೆಯ ಉತ್ತರ ಇರಲಿಲ್ಲ. 2014ರಲ್ಲಿ ನಾಲ್ಕು ತಂಡಗಳ ಪ್ಲೇಆಫ್ ಬಂತು, 2024ರಲ್ಲಿ ಅದು ಹನ್ನೆರಡಕ್ಕೆ ಏರಿತು. ಆ ಮೊದಲ ವರ್ಷವೇ ಬಾಯ್ಸಿ ಸ್ಟೇಟ್ ಒಳಗೆ ಬಂದು, ಪೆನ್ ಸ್ಟೇಟ್ ಎದುರು 31–14ರಲ್ಲಿ ಸೋತಿತು. ಸೋತರೂ ಅದು ಪ್ರಶಸ್ತಿಯ ಹಾದಿಯಲ್ಲಿ ಆಡಿ ಸೋತದ್ದು. 2007ರ ಹುಡುಗರಿಗೆ ಅಷ್ಟೂ ಸಿಕ್ಕಿರಲಿಲ್ಲ.

ಹೆಚ್ಚುವರಿ ಆಟದ ನಿಯಮವೂ ಬದಲಾಗಿದೆ. 2021ರಿಂದ ಎರಡನೇ ಸುತ್ತಿನಲ್ಲಿ ಟಚ್‌ಡೌನ್ ಮಾಡಿದವರು ಒದೆಯುವಂತಿಲ್ಲ, ಎರಡು ಅಂಕಕ್ಕೇ ಹೋಗಬೇಕು. ಮೂರನೇ ಸುತ್ತಿನಿಂದ ಎರಡು ಅಂಕದ ಪ್ರಯತ್ನಗಳು ಮಾತ್ರ. ಆ ರಾತ್ರಿಯ ಪರಿಸ್ಥಿತಿ ಇವತ್ತು ಬಂದರೆ ಒದ್ದು ಮುಂದಕ್ಕೆ ಹೋಗುವ ಕೋಚ್‌ಗೆ ಎರಡು ಅಂಕದ ಪ್ರಯತ್ನ ತಪ್ಪುವುದು ಕಷ್ಟ, ಅದು ಒಂದು ಸುತ್ತು ತಡವಾಗಿ ಬರುತ್ತದೆ ಅಷ್ಟೆ. ಮೊದಲ ಸುತ್ತಿನ ಆಯ್ಕೆ ಮಾತ್ರ ಇಂದಿಗೂ ಕೋಚ್ ಕೈಯಲ್ಲೇ ಇದೆ.